ಹಿಂದಿ ಮೇಡಂ ಹುಡುಕಿದ ಚುಕ್ಕಿ

ಕಳೆದ ವಾರ ತುಮಕೂರು ರೈಲ್ವೆ ಸ್ಟೇಷನ್ನಿನಲ್ಲಿ ಅರಸೀಕೆರೆ ಪ್ಯಾಸೆಂಜರ್ ಹತ್ತಲು ಒಂದು ಕಾಲು ಮೇಲಿಟ್ಟಿದ್ದೆ. ನಮ್ಮ ಶಾಲೆಗೆ ಹೊಸದಾಗಿ ಬಂದಿರುವ ಡ್ರಾಯಿಂಗ್ ಟೀಚರ್ ಹಿಂದಿನಿಂದ ಓಡಿ ಬಂದು, "ಎಲ್ಲಿಗೆ ಮೇಡಂ?" ಅಂದಳು. ಬೆಳಿಗ್ಗೆ ಹೆಗಲಿಗೆ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ ಹಿಡಿದು ಗುಬ್ಬಿ ರೈಲು ಹತ್ತುವವಳು ಎಲ್ಲಿಗೆ ಹೋಗುತ್ತಾಳೆ, ಕಾಶಿಗೇ? ಪಾಪ, ಮಾತಾಡಿಸಬೇಕೆಂದು ಕೇಳಿದ್ದಷ್ಟೆ. ನಾನು ಎತ್ತಿಟ್ಟ ಕಾಲನ್ನು ಕೆಳಗಿಳಿಸಿದೆ. ಪ್ಲಾಟ್‌ಫಾರ್ಮಿನ ಬೆಂಚಿಗೆ ಬಂದು ಕೂತು, ಬಾಟಲಿ ತೆಗೆದು ಎರಡು ಗುಟುಕು ನೀರು ಕುಡಿದೆ. ಅಷ್ಟು ಹೊತ್ತಿಗೆ ರೈಲು ಹೊರಟೇಹೋಯಿತು. ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.

ನಾನು ವಿಜ್ಞಾನ ಪಾಠ ಮಾಡುವವಳು. ಅಮಾವಾಸ್ಯೆಯ ದಿನ ಸ್ಕೂಟರ್ ಕೊಂಡವಳು, ಗ್ರಹಣ ಹಿಡಿದಿರುವಾಗ ಚಿತ್ರಾನ್ನ ತಿಂದು ಅತ್ತೆಯಿಂದ ಬೈಸಿಕೊಂಡವಳು. ಈ ಬೆಂಚು, ಈ ಎರಡು ಗುಟುಕು ನೀರು ನನ್ನ ಆಸ್ತಿಯಲ್ಲ. ಇವು ನಮ್ಮ ಹಿಂದಿ ಮೇಡಂ ಅವರದು. ಅವರು ತೀರಿಕೊಂಡು ವರ್ಷ ತುಂಬುತ್ತಾ ಬಂತು. ಅವರ ಬೇರೆ ಯಾವ ಒಳ್ಳೆಯ ಗುಣವೂ ನನಗೆ ಅಂಟಿಕೊಳ್ಳಲಿಲ್ಲ. ಇದೊಂದು ಮಾತ್ರ ಹೇಗೋ ಬಂದು ಸೇರಿಕೊಂಡಿದೆ.

ಗುಬ್ಬಿಯ ಹೈಸ್ಕೂಲಿಗೆ ಸೇರಿದ ಹೊಸತರಲ್ಲಿ ಇದೇ ಪ್ಲಾಟ್‌ಫಾರ್ಮಿನಲ್ಲಿ ನಾನೂ ಅವರನ್ನು ಹಾಗೆಯೇ ಕೇಳಿದ್ದೆ. ಕುಳ್ಳಗಿನ ಹೆಂಗಸು, ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಬಗಲಲ್ಲಿ ಕೊಡೆ. ಒಂದೇ ಶಾಲೆಯವರಲ್ಲವೇ ಎಂದು ಸಲಿಗೆಯಿಂದ, "ಎಲ್ಲಿಗೆ ಮೇಡಂ?" ಅಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೆಂಚಿಗೆ ಹೋಗಿ ಕೂತು, ನೀರು ಕುಡಿದು, ಪಕ್ಕದ ಜಾಗವನ್ನು ತಟ್ಟಿದರು.

"ಬಾ, ನೀನೂ ಕೂತ್ಕೋ. ಹೊರಟೋರ್ನ ಎಲ್ಲಿಗೆ ಅಂತ ಕೇಳ್ಬಾರ್ದು, ಹೋದ ಕೆಲಸ ಆಗಲ್ಲ ಅಂತ ನಿಮ್ಮನೇಲಿ ಹೇಳ್ಕೊಟ್ಟಿಲ್ವಾ? ಕೇಳ್ಲೇಬೇಕು ಅಂದ್ರೆ 'ದೂರ ಹೊರಟ್ರಾ' ಅಂತ ಕೇಳ್ಬೇಕು."

"ಮೇಡಂ, ರೈಲು ಹೋಗ್ತಿದೆ."

"ಹೋಗ್ಲಿ ಬುಡು. ಬಸ್ಸಿಲ್ವಾ?"

ಬಸ್ಸಿತ್ತು. ಆದರೆ ಅದು ದಾರಿಯಲ್ಲಿ ಕೈ ಅಡ್ಡ ಹಾಕಿದವರನ್ನೆಲ್ಲ ಹತ್ತಿಸಿಕೊಂಡು ಗುಬ್ಬಿ ಸೇರುವ ಹೊತ್ತಿಗೆ ಪ್ರಾರ್ಥನೆ ಮುಗಿದಿತ್ತು. ಎಚ್.ಎಂ. ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಗಡಿಯಾರ ನೋಡಿದರು. ಹಿಂದಿ ಮೇಡಂ ಒಂದಿಷ್ಟೂ ಅಳುಕದೆ, "ಸೈನ್ಸ್ ಮೇಡಂ ಅಪಶಕುನ ಮಾಡಿದ್ರು ಸಾರ್" ಎಂದು ನನ್ನ ತಲೆಗೆ ಕಟ್ಟಿ ಸ್ಟಾಫ್ ರೂಮಿಗೆ ನಡೆದರು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಅವರಿಗೆ ಶಾಲೆಯಲ್ಲಿ ಯಾರ ಹೆಸರೂ ಬೇಕಿರಲಿಲ್ಲ. ಪಾಠ ಮಾಡುವ ವಿಷಯವೇ ಹೆಸರು. ನಾನು ಸೈನ್ಸು. ಇನ್ನೊಬ್ಬರು ಮ್ಯಾಥ್ಸು. "ಏ ಸೈನ್ಸು, ಹುರಿಗಡಲೆ ತಗೋ", "ಮ್ಯಾಥ್ಸಿಗೆ ಇವತ್ತು ಹುಷಾರಿಲ್ವಂತೆ ಕಣೇ". ಹಾಗಾಗಿ ಅವರೂ ನಮಗೆಲ್ಲ ಬರೀ ಹಿಂದಿ ಮೇಡಂ ಆಗಿಯೇ ಉಳಿದರು. ಇಲ್ಲಿಯೂ ಹಾಗೆಯೇ ಇರಲಿ.

ತರಗತಿಯಲ್ಲಿ ಅವರದೊಂದು ವರಸೆಯಿತ್ತು. ಪಾಠ ಮುಗಿಸಿ, "ಅರ್ಥ ಆಯ್ತಾ?" ಅನ್ನುತ್ತಿದ್ದರು. ಮಕ್ಕಳು ರಾಗವಾಗಿ, "ಆಯ್ತು ಮೇಡಂ" ಅನ್ನುತ್ತಿದ್ದರು. ಅಲ್ಲಿಗೆ ನಮ್ಮ ಪಾಠ ಮುಗಿಯುತ್ತದೆ, ಅವರದು ಅಲ್ಲಿಂದ ಶುರು. "ಏನರ್ಥ ಆಯ್ತು? ನೀನು ಹೇಳು. ನೀನು? ಗೊತ್ತಿಲ್ದೆ ಆಯ್ತು ಅಂದಿದ್ಯಾಕೆ?" ಯಾರಾದರೂ ಎದ್ದು ನಿಂತು, "ಆಗ್ಲಿಲ್ಲ ಮೇಡಂ" ಅಂದರೆ ಅವರ ಮುಖ ಅರಳುತ್ತಿತ್ತು. ಪಕ್ಕದ ಕೋಣೆಯಲ್ಲಿದ್ದ ನನಗೆ ಅವರ ಶಭಾಷ್ ಗೋಡೆ ದಾಟಿ ಕೇಳಿಸುತ್ತಿತ್ತು. ದಡ್ಡರಿಗೆ ಬಹುಮಾನ ಕೊಡುವ ಮೇಡಂ ಎಂದು ನಾನು ರೇಗಿಸುತ್ತಿದ್ದೆ. "ಸುಳ್ಳು ಹೇಳೋ ಜಾಣರು ಊರಲ್ಲಿ ಬೇಕಾದಷ್ಟು ಅವ್ರೆ ಬುಡು" ಅನ್ನುತ್ತಿದ್ದರು.

ಅಂಥವರೂ ಒಂದು ಸುಳ್ಳು ಹೇಳಿದ್ದರು. ಅದನ್ನು ಅವರೇ ಹೇಳಿಕೊಂಡದ್ದು ಮ್ಯಾಥ್ಸ್ ಮೇಡಂ ಮಗಳ ಮದುವೆಯಲ್ಲಿ, ಗುಬ್ಬಿಯ ಕಲ್ಯಾಣ ಮಂಟಪದ ಊಟದ ಪಂಕ್ತಿಯಲ್ಲಿ ಕೂತು. ಧಾರೆ ಮುಗಿದಿತ್ತು. ಪುರೋಹಿತರು ಹುಡುಗ ಹುಡುಗಿಯನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಸುಡು ಬಿಸಿಲಿನಲ್ಲಿ ಆಕಾಶದ ಕಡೆ ಬೆರಳು ತೋರಿಸಿ, "ಅರುಂಧತಿ ನಕ್ಷತ್ರ ಕಾಣ್ತಾ?" ಎಂದು ಕೇಳಿದರು. ಹುಡುಗಿ ಮೊಬೈಲಿಗೆ ಮುಖ ಕೊಟ್ಟುಕೊಂಡೇ, "ಕಾಣ್ತು" ಅಂದಳು. ಎಲ್ಲ ಮದುವೆಯಲ್ಲೂ ನಡೆಯುವುದು ಇದೇ. ಹಿಂದಿ ಮೇಡಂ ನಗತೊಡಗಿದರು.

"ನಮ್ಮ ಮದ್ವೆ ಅಮೃತೂರಲ್ಲಿ ಆಗಿದ್ದು ಕಣೇ. ಹಿಂಗೇ ಮಟಮಟ ಮಧ್ಯಾಹ್ನ. ಪುರೋಹಿತ್ರು ಕಾಣ್ತಾಮ್ಮ ಅಂದ್ರು. ನಾನು ತಲೆ ಎತ್ತಿ ನೋಡ್ದೆ. ಕಣ್ಣಲ್ಲಿ ನೀರು ಬಂತೇ ಹೊರ್ತು ಏನೂ ಕಾಣ್ಲಿಲ್ಲ. 'ಕಾಣ್ತಿಲ್ವಲ್ಲ' ಅಂದ್ಬುಟ್ಟೆ."

"ಅಯ್ಯೋ! ಆಮೇಲೆ?"

"ಆಮೇಲೇನು, ಚೆನ್ನಾಗಿ ನೋಡಮ್ಮ ಅಂದ್ರು. ನೋಡ್ದೆ, ಇಲ್ಲ ಅಂದೆ. ನಮ್ಮ ಸೋದರಮಾವ ಕೆಮ್ಮೋಕೆ ಶುರು ಮಾಡಿದ್ರು. ಬೀಗರು ಮುಖ ಮುಖ ನೋಡ್ಕೊಂಡ್ರು. ಆಗ ನಮ್ಮನೆಯವ್ರು ಕಿವಿ ಹತ್ರ ಬಗ್ಗಿ, 'ನಂಗೂ ಕಾಣ್ತಿಲ್ಲ, ಕಾಣ್ತು ಅಂದ್ಬುಡು, ಊಟ ಆರೋಗುತ್ತೆ' ಅಂದ್ರು. ಅವ್ರು ನನ್ ಜೊತೆ ಆಡಿದ ಮೊದಲ್ನೇ ಮಾತೇ ಅದು. ಕಾಣ್ತು ಅಂದೆ. ಎಲ್ಲಾರೂ ಊಟಕ್ಕೆ ಹೋದ್ರು."

ನಾವು ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ಅವರು ಎಲೆಯ ಮೇಲಿನ ಪಾಯಸವನ್ನು ಬೆರಳಿನಲ್ಲಿ ಬಳಿಯುತ್ತಾ, "ಒಂದಿನ ರಾತ್ರಿ ಮಹಡಿ ಮೇಲೆ ಕರ್ಕೊಂಡು ಹೋಗಿ ತೋರಿಸ್ತೀನಿ ಅಂದಿದ್ರು" ಅಂದರು. "ತೋರಿಸಿದ್ರಾ?" ಎಂದು ಕೇಳಿದೆ. "ಸಂಸಾರದಲ್ಲಿ ತಲೆ ಎತ್ತೋಕೆ ಎಲ್ಲಿ ಪುರುಸೊತ್ತು? ನಾಳೆ ನಾಳೆ ಅಂತಾನೇ ಇದ್ರು" ಅಂದರು. ಅವರ ಯಜಮಾನರು ಹೋಗಿ ಆಗಲೇ ಕೆಲವು ವರ್ಷ ಆಗಿತ್ತು. ಬೆಂಕಿಯ ಮುಂದೆ ನಿಂತು ಹೇಳಿದ ಸುಳ್ಳು ಅದೊಂದೇ ಎಂದೂ ಸೇರಿಸಿದರು. ಆಮೇಲೆ ಮಜ್ಜಿಗೆ ಬಂತು, ಮಾತು ಬೇರೆ ಕಡೆ ಹೋಯಿತು.

ಅವರ ಕಣ್ಣಿನ ಸಮಾಚಾರ ಗೊತ್ತಾದದ್ದು ನಿಟ್ಟೂರಿನಿಂದ. ಆ ದಿನ ನಾನು ರಜೆ ಹಾಕಿದ್ದೆ, ಅವರೊಬ್ಬರೇ ರೈಲಿನಲ್ಲಿ ಹೋಗುತ್ತಿದ್ದರು. ಕಿಟಕಿಯ ಪಕ್ಕ ಕೂತು ಎಚ್ಚರವಾಗಿಯೇ ಇದ್ದವರಿಗೆ ಗುಬ್ಬಿಯ ಬೋರ್ಡು ಕಾಣಲಿಲ್ಲ. ಅಷ್ಟು ದೊಡ್ಡ ಹಳದಿ ಬೋರ್ಡು! ರೈಲು ಮುಂದೆ ಹೋಗಿ ನಿಟ್ಟೂರಿನಲ್ಲಿ ನಿಂತಾಗ ಇಳಿದರು. ಮಾರನೆಯ ದಿನ ನನಗೆ ಹೇಳುವಾಗ ನಗುತ್ತಲೇ ಇದ್ದರು. ನನಗೆ ಮಾತ್ರ ನಗು ಬರಲಿಲ್ಲ.

"ನೀವು ಗಾಬರಿ ಆಗ್ಲಿಲ್ವಾ?" ಎಂದೆ.

"ಇಳಿಯೋ ಊರು ದಾಟಿ ಹೋದ್ರೆ ಅಳ್ತಾ ಕೂರ್ತಾರೇನೇ? ಆ ಕಡೆಯಿಂದ ಬರೋ ಬಸ್ ಹತ್ತಿ ವಾಪಸ್ ಬಂದೆ. ನಿಟ್ಟೂರಲ್ಲಿ ಕಾಫಿ ಚೆನ್ನಾಗಿ ಮಾಡ್ತಾರೆ."

ಅವರನ್ನು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದವಳು ನಾನೇ. ಅಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ. ದೊಡ್ಡ ಬೋಗುಣಿಯಂಥ ಬಿಳಿಯ ಯಂತ್ರದೊಳಗೆ ಗಲ್ಲ ಊರಿ ಕೂರಬೇಕು. ಒಳಗೆ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕಿ ಮಿನುಗಿ ಮಾಯವಾಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಒತ್ತದೆ ಬಿಟ್ಟ ಕಡೆ ಕಣ್ಣು ಹೋಗಿದೆ ಎಂದು ಲೆಕ್ಕ. ಕಾಣದಿದ್ದರೂ ಕಂಡಂತೆ ಗುಂಡಿ ಒತ್ತುವವರೇ ಹೆಚ್ಚಂತೆ. ಯಂತ್ರ ಅದನ್ನೂ ಕಂಡುಹಿಡಿಯುತ್ತದೆ. ಪರೀಕ್ಷೆ ಮಾಡಿದ ಹುಡುಗಿ ಹೊರಗೆ ಬಂದು, "ಇವ್ರು ಒಂದ್ಸಲಾನೂ ಸುಳ್ಳು ಒತ್ತಿಲ್ಲ ಮೇಡಂ" ಎಂದು ಮೆಚ್ಚಿ ಹೇಳಿದಳು. ಆದರೆ ಅವಳು ತಂದ ಹಾಳೆಯ ತುಂಬ ಕಪ್ಪು ಇತ್ತು. ಕಣ್ಣಿನೊಳಗೆ ಒತ್ತಡ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಹನಿ ಹಾಕಿಕೊಂಡು ಉಳಿಸಿಕೊಳ್ಳಬೇಕು ಎಂದರು ಡಾಕ್ಟರು. ಉಳಿಯುವುದು ಕಷ್ಟ ಎನ್ನುವುದನ್ನು ನನ್ನೊಬ್ಬಳನ್ನೇ ಕರೆದು ಹೇಳಿದರು. ಹಿಂದಿ ಮೇಡಂ ಬಾಗಿಲ ಹತ್ತಿರವೇ ನಿಂತು ಅದನ್ನೂ ಕೇಳಿಸಿಕೊಂಡಿದ್ದರು.

ಅಲ್ಲಿಂದ ಅವರನ್ನು ಕ್ಯಾತ್ಸಂದ್ರದ ನಮ್ಮ ಮನೆಗೆ ಕರೆದುಕೊಂಡು ಬಂದೆ. ನಾನು ಕಾಫಿಗೆ ಹಾಲಿಟ್ಟು ಹೊರಗೆ ಬಂದರೆ, ಅವರು ಕಂಪ್ಯೂಟರಿನ ಮುಂದೆ ನಿಂತಿದ್ದರು.

"ಇದೇನೇ, ನಿಮ್ಮನೇಲೂ ಅದೇ ಟೆಸ್ಟ್ ಇಟ್ಟಿದೀಯಾ?"

ಪರದೆಯ ಮೇಲೆ ನಾನು ಹಿಂದಿನ ಸಂಜೆ ಅರ್ಧಕ್ಕೆ ಬಿಟ್ಟ ಆಟವಿತ್ತು. ಈಗ ನನ್ನ ಗುಟ್ಟನ್ನೂ ಹೇಳಿಬಿಡಬೇಕು. ನಾನು ವಿಡಿಯೊ ಗೇಮ್ ಆಡುತ್ತೇನೆ. ಮಕ್ಕಳಿಗೆ ಮೊಬೈಲ್ ಮುಟ್ಟಬೇಡಿ ಎಂದು ಬೋಧಿಸಿ, ಭಾನುವಾರ ಮಧ್ಯಾಹ್ನ ಬಾಹ್ಯಾಕಾಶ ನೌಕೆ ಓಡಿಸುತ್ತೇನೆ. ನಮ್ಮ ಯಜಮಾನರು ಯಾರಾದರೂ ಫೋನ್ ಮಾಡಿದರೆ, "ಭಾನುವಾರ ಅವ್ಳು ಊರಲ್ಲಿರಲ್ಲ" ಅನ್ನುತ್ತಾರೆ. ಆ ಆಟದಲ್ಲಿ ಒಂದು ಕೀಲಿ ಒತ್ತಿದರೆ ನಕ್ಷತ್ರಗಳ ನಕ್ಷೆ ತೆರೆದುಕೊಳ್ಳುತ್ತದೆ. ಕಪ್ಪು ಪರದೆಯ ತುಂಬ ಚುಕ್ಕಿಗಳು. ಮೌಸ್ ಎಳೆದರೆ ಇಡೀ ಆಕಾಶ ತಿರುಗುತ್ತದೆ, ಅದರ ಚಕ್ರ ಉರುಳಿಸಿದರೆ ಹತ್ತಿರ ಬರುತ್ತದೆ. ಒಂದು ಚುಕ್ಕಿಯ ಮೇಲೆ ಒತ್ತಿದರೆ ಅದರ ಹೆಸರು, ಬಣ್ಣ, ದೂರ ತಿಳಿಸುವ ಚೌಕ ಮೂಡುತ್ತದೆ. ಮತ್ತೊಮ್ಮೆ ಒತ್ತಿದರೆ ನೌಕೆ ಅಲ್ಲಿಗೆ ಹಾರುತ್ತದೆ. ದೂರ ಹೋಗುವವರಿಗೆ ಮೇಲುಗಡೆ ಒಂದು ಖಾಲಿ ಪಟ್ಟಿ ಇದೆ. ಅದರಲ್ಲಿ ನಕ್ಷತ್ರದ ಹೆಸರು ಬರೆದರೆ ಸಾಕು, ಆಟವೇ ಹಳದಿ ಗೆರೆ ಎಳೆದು ದಾರಿ ಹಾಕಿಕೊಡುತ್ತದೆ.

ಇದನ್ನೆಲ್ಲ ನಾನು ವಿವರಿಸುತ್ತಿದ್ದರೆ ಅವರು ತದೇಕಚಿತ್ತದಿಂದ ನೋಡುತ್ತಿದ್ದರು.

"ಇದು ನಿಜವಾದ ಆಕಾಶಾನಾ, ಇಲ್ಲ ಕಟ್ಟಿದ್ದಾ?"

"ನಕ್ಷತ್ರಗಳು ನಿಜವಾದ್ವೇ ಮೇಡಂ, ಎಲ್ಲೆಲ್ಲಿ ಇವೆಯೋ ಅಲ್ಲಲ್ಲೇ ಇಟ್ಟಿದ್ದಾರೆ. ನೌಕೆ ಮಾತ್ರ ಸುಳ್ಳು."

"ಹತ್ರ ಹೋದ್ರೆ ದೊಡ್ಡದಾಗಿ ಕಾಣುತ್ತಾ?"

"ಪರದೆ ತುಂಬ ಕಾಣುತ್ತೆ."

ಅವರು ಕುರ್ಚಿ ಎಳೆದುಕೊಂಡು ಕೂತರು. "ಹಂಗಾದ್ರೆ ನಂಗೂ ಒಂದು ಗಾಡಿ ಮಾಡ್ಕೊಡು. ಕಣ್ಣು ಪೂರ್ತಿ ಹೋಗೋದ್ರೊಳಗೆ ನಾನೊಂದು ಕಡೆ ತಲುಪ್ಬೇಕು."

ನಾನು ಬಾಯಿ ತೆರೆದೆ. ಅವರು ತೋರುಬೆರಳು ಎತ್ತಿದರು. ನಾನು ಬಾಯಿ ಮುಚ್ಚಿಕೊಂಡೆ.

ಆಮೇಲೆ ಮೇಲಿನ ಪಟ್ಟಿಯ ಕಡೆ ಅವರ ಕಣ್ಣು ಹೋಯಿತು. ಅದರಲ್ಲಿ ಮಸುಕು ಅಕ್ಷರದಲ್ಲಿ, ಎಲ್ಲಿಗೆ ಹೋಗಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿರುತ್ತದೆ. ಅವರು ಅದನ್ನು ಎರಡು ಸಲ ಓದಿದರು. ಎದ್ದು ಅಡಿಗೆಮನೆಗೆ ಹೋಗಿ ನೀರು ಕುಡಿದು ಬಂದು, ಮತ್ತೆ ಕೂತರು. "ಇದನ್ನ ಮಾಡಿದೋರ ಮನೇಲೂ ಯಾರೂ ಹೇಳ್ಕೊಟ್ಟಿಲ್ಲ" ಅಂದರು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗ. ಅವರು ಆ ಪಟ್ಟಿಯನ್ನು ಆಮೇಲೆ ಒಮ್ಮೆಯೂ ಮುಟ್ಟಲಿಲ್ಲ.

ಹೀಗೆ ಭಾನುವಾರಗಳು ಶುರುವಾದವು. ಊಟ ಮುಗಿಸಿಕೊಂಡು ಆಟೊದಲ್ಲಿ ಬರುತ್ತಿದ್ದರು. ಅವರ ಆಟ ನನ್ನ ಆಟದಂತಿರಲಿಲ್ಲ. ನಾನು ಸರಕು ಸಾಗಿಸುತ್ತೇನೆ, ಕಳ್ಳರ ಜೊತೆ ಕಾದಾಡುತ್ತೇನೆ. ಅವರಿಗೆ ಅದ್ಯಾವುದೂ ಬೇಡ. ನಕ್ಷೆ ತೆರೆಯುವುದು, ಪಕ್ಕದ ಒಂದು ಚುಕ್ಕಿ ಆರಿಸುವುದು, ಅಲ್ಲಿಗೆ ಹಾರುವುದು, ಮತ್ತೆ ನಕ್ಷೆ ತೆರೆಯುವುದು. "ನಡಿ, ಮುಂದಿನೂರು" ಅನ್ನುತ್ತಿದ್ದರು. ಹೋದ ದಾರಿಯೆಲ್ಲ ನಕ್ಷೆಯ ಮೇಲೆ ತಿಳಿನೀಲಿ ಗೆರೆಯಾಗಿ ಉಳಿಯುತ್ತಿತ್ತು. ಗೆರೆ ಸೂರ್ಯನಿಂದ ಹೊರಟು, ಅಲ್ಲಿ ಇಲ್ಲಿ ಸೊಟ್ಟಗಾಗಿ, ಒಂದೇ ದಿಕ್ಕಿನಲ್ಲಿ ದೂರ ದೂರ ಹೋಗುತ್ತಿತ್ತು. ಆ ದಿಕ್ಕಿನಲ್ಲಿ ಏನಿದೆ ಎಂದು ನಾನು ರಾತ್ರಿ ಅನ್ನ ಬಸಿಯುವಾಗಲೂ ಯೋಚಿಸುತ್ತಿದ್ದೆ. ಎಲ್ಲೋ ಬಣ್ಣದ ನೀಹಾರಿಕೆ ಇರಬೇಕು, ಕಪ್ಪು ರಂಧ್ರ ಇರಬೇಕು ಎಂದು ನನ್ನ ಊಹೆ. ಕೇಳುವ ಹಾಗಿಲ್ಲ. ವಿಜ್ಞಾನ ಓದಿದ ಹೆಂಗಸು ಒಂದು ಪ್ರಶ್ನೆಯನ್ನು ಗಂಟಲಲ್ಲಿಟ್ಟುಕೊಂಡು ಭಾನುವಾರ ಭಾನುವಾರ ಒದ್ದಾಡುವುದೆಂದರೆ ಅದೇನು ಸಾಮಾನ್ಯವೇ?

ಅವರು ಒಂದು ವಿಚಿತ್ರ ಮಾಡುತ್ತಿದ್ದರು. ಹೊಸ ಕಡೆ ತಲುಪಿದ ಕೂಡಲೇ ನಕ್ಷೆಯನ್ನು ಮೆಲ್ಲಗೆ ಎಲ್ಲ ಕಡೆಗೂ ತಿರುಗಿಸಿ ಏನನ್ನೋ ಹುಡುಕುತ್ತಿದ್ದರು. ಅಕ್ಕಿ ಆರಿಸುವವರ ಹಾಗೆ ಚುಕ್ಕಿ ಚುಕ್ಕಿಯನ್ನೂ ನೋಡಿ, "ಇಲ್ಲೂ ಇಲ್ಲ" ಅನ್ನುತ್ತಿದ್ದರು. ಮೊದಮೊದಲು ಪರದೆಯಿಂದ ದೂರ ಕೂತಿರುತ್ತಿದ್ದವರು ಬರಬರುತ್ತಾ ಹತ್ತಿರ ಸರಿದರು. ಒಂದು ಭಾನುವಾರ, "ಎಡಗಡೆ ಕೆಳಗೆ ಚುಕ್ಕಿಗಳು ಇದಾವಾ?" ಎಂದು ಕೇಳಿದರು. ಅಲ್ಲಿ ಬೇಕಾದಷ್ಟಿದ್ದವು. ನಾನು, "ಇವೆ ಮೇಡಂ" ಅಂದೆ. "ನಂಗೆ ಅಲ್ಲಿ ಬರೀ ಕತ್ಲೆ" ಎಂದು, ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿ, ಮೌಸ್ ಎಳೆದು ಆ ಮೂಲೆಯನ್ನು ನಡುವಿಗೆ ತಂದುಕೊಂಡರು. ನನಗೆ ತಡೆಯಲಾಗಲಿಲ್ಲ. "ಹೆಸರು ಹೇಳಿಬಿಡಿ ಮೇಡಂ, ಒಂದು ನಿಮಿಷದಲ್ಲಿ ದಾರಿ ಹಾಕ್ತೀನಿ, ನಿಮ್ ಕಣ್ಣು ಕಾಯಲ್ಲ" ಎಂದು ರೇಗಿದೆ. "ಹೇಳ್ಬುಟ್ರೆ ಆಗೋ ಕೆಲ್ಸ ಅಲ್ಲ ಕಣೇ ಇದು" ಅಂದರು. ಸಿಟ್ಟು ಬಂದು ಕಾಫಿ ಮಾಡುವ ನೆಪದಲ್ಲಿ ಎದ್ದುಹೋದೆ. ಅಡಿಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಕಪ್ಪು ಹಲಗೆಯ ಮೇಲೆ ಬರೆದದ್ದು ಅವರಿಗೇ ಕಾಣದಂತಾದಾಗ, ಇನ್ನೂ ಸರ್ವೀಸ್ ಇರುವಾಗಲೇ ಸ್ವಯಂ ನಿವೃತ್ತಿ ತೆಗೆದುಕೊಂಡರು. ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ ಹಾರ, ಶಾಲು, ಹಣ್ಣಿನ ತಟ್ಟೆ. ಅವರ ಬಗ್ಗೆ ಒಬ್ಬೊಬ್ಬರೂ ಎದ್ದು ಸರಳ ಜೀವಿ, ಸಜ್ಜನಿಕೆಯ ಮೂರ್ತಿ ಎಂದು ಹೊಗಳಿದರು. ಅದು ಯಾರೋ ಬೇರೆಯವರ ವರ್ಣನೆ ಇದ್ದಂತಿತ್ತು. ಕೊನೆಗೆ ಅವರು ಮೈಕಿನ ಮುಂದಿನಿಂದ ಇಳಿದು ಹೊರಡುವಾಗ ಎಚ್.ಎಂ. ಪ್ರೀತಿಯಿಂದಲೇ, "ಮುಂದೆ ಎಲ್ಲಿಗೆ ಮೇಡಂ, ತಂಗಿ ಮನೆಗಾ?" ಅಂದುಬಿಟ್ಟರು. ಸ್ಟಾಫ್ ಪೂರ್ತಿ ಉಸಿರು ಬಿಗಿಹಿಡಿಯಿತು. ಹಿಂದಿ ಮೇಡಂ ತಿರುಗಿ ಬಂದು, ಸಿಂಗರಿಸಿದ ಕುರ್ಚಿಯಲ್ಲಿ ಶಾಲು ಸಮೇತ ಮತ್ತೆ ಕೂತು, "ಯಾರಾದ್ರೂ ನೀರು ಕೊಡ್ರಪ್ಪ" ಅಂದರು. ಇಡೀ ಶಾಲೆ ಚಪ್ಪಾಳೆ ತಟ್ಟಿತು. ಅಲ್ಲಿಯವರೆಗೆ ಬಿಗುಮಾನದಿಂದ ಕೂತಿದ್ದ ಮ್ಯಾಥ್ಸ್ ಮೇಡಂ ನಗುತ್ತಾ ನಗುತ್ತಾ ಅಳುವುದಕ್ಕೆ ಶುರು ಮಾಡಿದರು.

ಅವರು ಕುಣಿಗಲ್ಲಿನ ತಂಗಿಯ ಮನೆಗೆ ಹೋದರು. ತಂಗಿಯದು ಬಾಯಿ ಜೋರು, ಕೈ ಧಾರಾಳ. ಅಕ್ಕನನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಿದ್ದರು, ದಿನಕ್ಕೆ ಹತ್ತು ಸಲ ಜಗಳವನ್ನೂ ಆಡುತ್ತಿದ್ದರು. ಕೆಲವು ತಿಂಗಳು ನಾನು ಫೋನಿನಲ್ಲೇ ಮಾತಾಡುತ್ತಿದ್ದೆ. ಎಡಗಣ್ಣು ಪೂರ್ತಿ ಹೋಯಿತು ಎಂದು ಒಂದು ದಿನ ಹೇಳಿದರು. ಬಲಗಣ್ಣಿನಲ್ಲಿ ಬೀಗದ ಕಿಂಡಿಯಷ್ಟು ಉಳಿದಿದೆ ಅಂದರು. ನಾನು ಯಜಮಾನರಿಗೆ ಹೇಳಿ, ಆ ಆಟ ತಡೆದುಕೊಳ್ಳುವಂಥ ಒಂದು ಲ್ಯಾಪ್‌ಟಾಪ್ ತೆಗೆದುಕೊಂಡೆ. ಹೊಸ ಫ್ರಿಜ್ಜಿಗೆಂದು ಇಟ್ಟಿದ್ದ ದುಡ್ಡು ಅದು. ಯಜಮಾನರು, "ಹಾಲು ಕೆಟ್ರೆ ಮೊಸರು ಮಾಡ್ಕೊಳೋಣ, ಹೋಗ್ಬಾ" ಅಂದರು.

ಭಾನುವಾರ ಬೆಳಿಗ್ಗೆ ಕುಣಿಗಲ್ ಬಸ್ಸು ಹಿಡಿದೆ. ಅವರು ಜಗುಲಿಯಲ್ಲಿ ಕೂತಿದ್ದರು. ನನ್ನ ಕಡೆ ನೋಡದೆ, ನಾನು ಚಪ್ಪಲಿ ಬಿಡುವ ಸದ್ದಿಗೇ, "ಬಾ ಸೈನ್ಸು" ಅಂದರು. ಇಸ್ತ್ರಿ ಸೀರೆ ಹಾಗೆಯೇ ಇತ್ತು. ಕೊಡೆ ಮಾತ್ರ ಇಲ್ಲ ಎಂದುಕೊಂಡೆ. ನೋಡಿದರೆ ಕೊಡೆಯೂ ಬಾಗಿಲ ಹಿಂದೆ ಇತ್ತು. ತಂಗಿ ಒಳಗೆ ಅವರೆಕಾಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ನಾನು ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನಕ್ಷೆ ತೆರೆದೆ. ಅವರ ನೌಕೆ ಬಿಟ್ಟಲ್ಲೇ ನಿಂತಿತ್ತು. ಅವರು ಮೌಸ್ ಹಿಡಿದು, ಪರದೆಗೆ ಮುಖ ತಾಗುವಷ್ಟು ಬಗ್ಗಿ, ಪಕ್ಕದ ಚುಕ್ಕಿ ಹುಡುಕಿದರು. ಸಿಗಲಿಲ್ಲ. ಮತ್ತೆ ಹುಡುಕಿದರು. ಬಾಣದ ಗುರುತು ಎಲ್ಲಿದೆಯೆಂದೇ ಅವರಿಗೆ ತಿಳಿಯುತ್ತಿರಲಿಲ್ಲ. ಮೌಸನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು.

"ಇನ್ನು ಮುಂದಿನೂರು ಹುಡ್ಕೋದು ನನ್ ಕೈಲಾಗಲ್ಲ ಕಣೇ. ಲೇ, ಒಂದ್ಲೋಟ ನೀರು ಕೊಡೇ!" ಎಂದು ಒಳಗೆ ಕೂಗಿದರು. ತಂಗಿ ತಂದುಕೊಟ್ಟರು. ಒಂದೇ ಗುಟುಕಿಗೆ ಅಷ್ಟನ್ನೂ ಕುಡಿದು ಲೋಟ ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡರು.

"ನೀರು ಮೊದ್ಲೇ ಕುಡ್ದಿದೀನಿ. ಈಗ ಕೇಳು."

"ಏನು ಕೇಳ್ಲಿ?"

"ಎಲ್ಲಿಗೆ ಅಂತ ಕೇಳೇ."

ಅಷ್ಟು ದಿನ ನುಂಗಿಕೊಂಡಿದ್ದ ಮಾತು ಈಗ ನಾಲಗೆಗೆ ಬರಲಿಲ್ಲ. ಅವರೇ ಮೊಣಕೈಯಿಂದ ತಿವಿದರು. "ಎಲ್ಲಿಗೆ ಮೇಡಂ?" ಎಂದೆ.

"ಅರುಂಧತಿಗೆ."

ಕಲ್ಯಾಣ ಮಂಟಪದ ಬಿಸಿಲು, ಪಾಯಸದ ಎಲೆ ಎಲ್ಲ ನನ್ನ ಕಣ್ಣ ಮುಂದೆ ಬಂತು. ಅವರು ಹೇಳುತ್ತಾ ಹೋದರು. ಕಣ್ಣಿನ ಡಾಕ್ಟರನ್ನು ಕಾಣುವ ಹಿಂದಿನ ರಾತ್ರಿ ಮಹಡಿ ಹತ್ತಿ ನೋಡಿದ್ದರಂತೆ. ಸಪ್ತರ್ಷಿಗಳಲ್ಲಿ ಮೂವರೇ ಕಂಡರಂತೆ. ವಸಿಷ್ಠನ ಪಕ್ಕದ ಸಣ್ಣ ಚುಕ್ಕಿ ಇನ್ನೆಲ್ಲಿ ಕಾಣಬೇಕು. "ಅದಕ್ಕೇ ನಿನ್ನಾಟದಲ್ಲಿ ಹತ್ರ ಹೋಗೇ ನೋಡಣ ಅಂತ. ಅಗ್ನಿ ಮುಂದೆ ಕಾಣ್ತು ಅಂದಿದೀನಲ್ಲ, ಅದು ಸುಳ್ಳಾಗೇ ಉಳ್ಕೋಬಾರ್ದು. ಏಳು ಚುಕ್ಕಿ ಸೌಟಿನ ಹಂಗೆ ಎಲ್ಲಿ ಸೇರ್ತಾವೋ ಅಂತ ಹುಡುಕ್ತಾನೇ ಇದೀನಿ, ಎಲ್ಲೂ ಸಿಗ್ತಿಲ್ಲ."

ನಾನು ನಕ್ಷೆಯನ್ನು ಹಿಂದಕ್ಕೆ ಎಳೆದೆ. ನೀಲಿ ಗೆರೆ ಉದ್ದಕ್ಕೆ ಸೂರ್ಯನವರೆಗೂ ಹೋಗಿತ್ತು. ಅರುಂಧತಿ ಇದ್ದದ್ದು ಆ ತುದಿಯಲ್ಲಿ, ಸೂರ್ಯನಿಂದ ಕೂಗಳತೆಯಲ್ಲಿ. ಮೇಡಂ ಮೊದಲ ಕೆಲವು ಭಾನುವಾರಗಳಲ್ಲೇ ಅದರ ಮಗ್ಗುಲಲ್ಲಿ ಹಾದುಹೋಗಿದ್ದರು. ಹೇಳಲೋ ಬೇಡವೋ ಎಂದು ಕ್ಷಣ ತಡೆದೆ. ಅವರ ಹತ್ತಿರ ಸುಳ್ಳು ನಡೆಯುವುದಿಲ್ಲ.

"ಮೇಡಂ, ಆ ಸೌಟಿನ ಆಕಾರ ನಮ್ಮ ಭೂಮಿ ಮೇಲೆ ನಿಂತು ನೋಡಿದ್ರೆ ಮಾತ್ರ. ಹತ್ರ ಹೋಗ್ತಾ ಹೋಗ್ತಾ ಅದು ಚೆದುರಿ ಹೋಗುತ್ತೆ. ನೀವು ಅವರ ಮಧ್ಯದಲ್ಲೇ ಹಾದು ಬಂದಿದೀರಿ. ಅರುಂಧತಿ ಹಿಂದೆ ಉಳ್ಕೊಂಡ್ಳು."

ಅವರು ಕುರ್ಚಿಗೆ ಒರಗಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಗತೊಡಗಿದರು. "ನಿಟ್ಟೂರಿಗೆ ಬಂದಿದೀನಿ ಅನ್ನು! ನಡಿ, ವಾಪಸ್ ಬಸ್ ಹತ್ತಿಸು."

ನಾನು ಆ ಪಟ್ಟಿಯಲ್ಲಿ ಅರುಂಧತಿಯ ಇಂಗ್ಲಿಷ್ ಹೆಸರು ಬರೆದೆ. ಹಳದಿ ಗೆರೆ ಮೂಡಿತು. ನೌಕೆ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುತ್ತಾ ಹಿಂದಿರುಗಿತು. ಅವರು ಬಂದ ದಾರಿಯ ಊರುಗಳೆಲ್ಲ ಒಂದೊಂದಾಗಿ ದಾಟಿದವು. ಕೊನೆಯ ಹಾರಾಟ ಮುಗಿದಾಗ ತಿಳಿನೀಲಿ ಬೆರೆತ ಬಿಳಿ ಬೆಳಕು ಪರದೆಯ ತುಂಬ ಹರಡಿತು. ಮೇಡಂ ಬಗ್ಗಿದರು. ಬಲಗಣ್ಣಿನ ಆ ಚೂರು ಜಾಗಕ್ಕೆ ಬೆಳಕು ಸಿಗಲೆಂದು ತಲೆಯನ್ನು ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ಸರಿಸಿದರು. ಕಾಣ್ತಾ ಎಂದು ನಾನು ಕೇಳಲಿಲ್ಲ. ಕೇಳಲು ಭಯವಾಯಿತು.

ಒಳಗಿನಿಂದ ತಂಗಿ ಕೂಗಿದರು. "ಅಕ್ಕಾ, ಮುದ್ದೆ ಹಾಕಿದೀನಿ, ಬನ್ರೇ, ಆರೋಗುತ್ತೆ!"

ಈಗ ಕಾಣ್ತು ಅಂದುಬಿಡುತ್ತಾರೆ, ನನ್ನ ಹಸಿವಿಗೆ, ತಂಗಿಯ ಮುದ್ದೆಗೆ, ಎಲ್ಲರ ಸಮಾಧಾನಕ್ಕೆ ಕಾಣ್ತು ಎಂದು ಎದ್ದುಬಿಡುತ್ತಾರೆ ಎಂದುಕೊಂಡೆ. ಅವರು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಆರ್ಲಿ ಬುಡೇ!" ಎಂದು ಕೂಗಿದರು. "ಒಂದ್ಸಲ ಊಟ ಆರುತ್ತೆ ಅಂತ ಎದ್ದು ಬಂದಿದ್ದೇ ಸಾಕಾಗಿದೆ."

ತಲೆ ಮತ್ತೆ ಅತ್ತಿತ್ತ ಸರಿಯಿತು. ಆಮೇಲೆ ಒಂದು ಕಡೆ ನಿಂತಿತು. ಹಾಗೆಯೇ ನಿಂತಿತ್ತು. ಅವರ ಕೆನ್ನೆಯ ಮೇಲೆ ಆ ಬಿಳಿ ಬೆಳಕು ಬಿದ್ದಿತ್ತು.

"ಏ ಸೈನ್ಸು, ಪಕ್ಕದಲ್ಲಿ ಇನ್ನೊಂದಿದೆಯಲ್ಲೇ, ಚುಕ್ಕಿ? ಬಲಗಡೆ, ಸ್ವಲ್ಪ ಮೇಲೆ."

ನಾನು ನೋಡಿದೆ. ಬಲಗಡೆ, ಸ್ವಲ್ಪ ಮೇಲೆ, ಉಳಿದೆಲ್ಲ ಚುಕ್ಕಿಗಳಿಗಿಂತ ಪ್ರಕಾಶವಾಗಿ ಒಂದು ಇತ್ತು. ಅದು ಯಾವ ಕಡೆ ಇದೆಯೆಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ.

"ಹೌದು ಮೇಡಂ. ಅದು ವಸಿಷ್ಠ."

"ಹೂಂ" ಎಂದು ಅವರು ಬೆನ್ನು ನೆಟ್ಟಗೆ ಮಾಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಕಾಣ್ತು."

ಆಮೇಲೆ ಎದ್ದು ಊಟಕ್ಕೆ ಕೂತೆವು. ಮುದ್ದೆ ಆರಿ ಕಲ್ಲಾಗಿತ್ತು.